ಚೀನ ದೇಶದಲ್ಲಿ ಮೇಷ್ಟರ ಊಟ

ಪರದೇಶಕ್ಕೆ ಹೋಗಿಬಂದವರನ್ನು ನಮ್ಮವರು ಕೇಳುವ ಮೊದಲನೆಯ ಪ್ರಶ್ನೆ ಊಟದ್ದು, ಎರಡನೆಯದು ಸಂಬಳದ್ದು. ಚೀನ ದೇಶಕ್ಕೆ ಹೋಗಿಬಂದವನಾದರೆ ಎರಡನೆಯ ಪ್ರಶ್ನೆಯ ಸರದಿಯೇ ಬರುವುದಿಲ್ಲ. "ಅಲ್ಲಿ ಏನು ತಿಂದಿರಿ ಸ್ವಾಮಿ? ಹಾವೋ, ಕಪ್ಪೆಯೋ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಮುಖ ಸಿಂಡರಿಸಿಕೊಳ್ಳುವವರೇ ಹೆಚ್ಚು. ೨೦೧೧ರಿಂದ ೨೦೧೩ರವರೆಗೆ ಎರಡು ವರುಷ ನಾನು ನೈಋತ್ಯ ಚೀನದ ಯುನ್ನಾನ್ ಪ್ರಾಂತದ ರಾಜಧಾನಿಯಾದ ಕುನ್‌ಮಿಂಗ್ ಪಟ್ಟಣದ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕನಾಗಿದ್ದೆ. ಹಿಂದಿರುಗಿದಂದಿನಿಂದ ಈ ಪ್ರಶ್ನೆಗೆ ನೂರು ಸಲವಾದರೂ ಉತ್ತರ ಹೇಳಿದ್ದೇನೆ. ಈ ಸಂಚಿಕೆಯ ವಿದ್ಯಾರ್ಥಿ ಸಂಪಾದಕರು "ಚೀನದ ಅನುಭವ ಬರೆದುಕೊಡಿ ಸಾರ್" ಎಂದು ಬಂದು ನಿಂತಾಗ, ಪ್ರಶ್ನೆಗೆ ಮತ್ತೊಮ್ಮೆ ಉತ್ತರ ಹೇಳುವುದಕ್ಕಿಂತ ಪ್ರಶ್ನೆಯನ್ನೇ ಸ್ವಲ್ಪ ತಿದ್ದುವುದು ಮೇಲೆಂದು ತೋರಿತು. ಪರದೇಶದಲ್ಲಿ ಮೇಷ್ಟರು ಏನು ತಿಂದರು ಎಂಬುದು ಅಷ್ಟು ದೊಡ್ಡ ವಿಷಯವಲ್ಲ. ಯಾರ ಜತೆಯಲ್ಲಿ ಕುಳಿತು ತಿಂದರು ಎಂಬುದೇ ವಿಷಯ. ಏನನ್ನು ತಿನ್ನುತ್ತೇನೆ ಎಂಬುದು ನನ್ನ ನಾಲಗೆಗೂ ನನ್ನ ಮನೆತನಕ್ಕೂ ಸೇರಿದ ಮಾತು. ಯಾರೊಡನೆ ತಿನ್ನುತ್ತೇನೆ ಎಂಬುದರಲ್ಲಿ ಇನ್ನೊಬ್ಬನ ಮರ್ಯಾದೆಯೂ ಸೇರಿಕೊಂಡಿದೆ. ಇವೆರಡೂ ಬೇರೆ ಬೇರೆ ಎಂಬುದನ್ನು ಚೀನದ ಊಟದ ಮೇಜು ನಮಗೆ ಚೆನ್ನಾಗಿ ತೋರಿಸಿಕೊಡಬಲ್ಲದೆಂಬುದು ನನ್ನ ವಾದ.

ಚೀನದಲ್ಲಿ ಪರದೇಶದ ಅಧ್ಯಾಪಕನ ಸ್ಥಾನ ವಿಚಿತ್ರವಾದದ್ದು. ಅವನು ನೌಕರನೂ ಹೌದು, ಅತಿಥಿಯೂ ಹೌದು. ನಾನಿದ್ದ ಕಾಲದಲ್ಲಿ ಸರಕಾರದ ಕಾಗದಪತ್ರಗಳಲ್ಲಿ ಅವನಿಗೆ 'ವಿದೇಶೀ ತಜ್ಞ' ಎಂಬ ಭಾರಿ ಬಿರುದೇ ಇತ್ತು. (ಊರಿನಲ್ಲಿ ಹತ್ತು ವರುಷ ಸೀಮೆಸುಣ್ಣ ತೇಯ್ದರೂ ಯಾರೂ ನನ್ನನ್ನು ತಜ್ಞನೆಂದು ಕರೆದದ್ದಿಲ್ಲ.) ಕಾಲೇಜೇ ಮನೆ ಕೊಡುತ್ತದೆ, ಮನೆಯಲ್ಲಿ ಮಂಚ, ಮೇಜು, ಒಲೆ, ಬಿಸಿನೀರು ಎಲ್ಲವೂ ಉಂಟು. ವಾರಕ್ಕೆ ಹದಿನಾರು ಗಂಟೆ ಪಾಠ, ಅದೂ ಬಹುಮಟ್ಟಿಗೆ ಮಾತಿನ ಇಂಗ್ಲಿಷ್. ವ್ಯಾಕರಣ, ಪಠ್ಯ, ಪರೀಕ್ಷೆ ಇವೆಲ್ಲ ಅಲ್ಲಿನ ಅಧ್ಯಾಪಕರ ಪಾಲು; ಪರದೇಶದವನ ಪಾಲಿಗೆ ಹುಡುಗರ ಬಾಯಿ ಬಿಡಿಸುವ ಕೆಲಸ. ಆಗ ನಮ್ಮಂಥವರಿಗೂ ಅಲ್ಲಲ್ಲಿ ಅವಕಾಶವಿತ್ತು. ೨೦೧೭ರಲ್ಲಿ ಕೆಲಸದ ಪರವಾನಗಿಯ ಕ್ರಮ ಹೊಸದಾಯಿತು. ಭಾಷೆ ಕಲಿಸುವವನು ತನ್ನ ಮಾತೃಭಾಷೆಯನ್ನೇ ಕಲಿಸತಕ್ಕವನಾಗಿರಬೇಕೆಂಬ ನಿಯಮವೂ ಬಿಗಿಯಾಯಿತು. ಷೇಕ್ಸ್‌ಪಿಯರನನ್ನು ಮೂವತ್ತು ವರುಷ ಅರೆದು ಕುಡಿದ ಮೈಸೂರಿನ ಪ್ರಾಧ್ಯಾಪಕರಿಗಿಂತ ಲಂಡನ್ನಿನಲ್ಲಿ ಹುಟ್ಟಿದ ಇಪ್ಪತ್ತೈದರ ಹುಡುಗನಿಗೆ ಮೊದಲ ಮಣೆ ಹಾಕುವುದು ನ್ಯಾಯವೆ ಎಂಬುದು ಬೇರೊಂದು ಲೇಖನದ ವಿಷಯ, ಇಲ್ಲಿ ಬೇಡ.

ಅತಿಥಿಯಾಗಿರುವುದು ಮೊದಲ ತಿಂಗಳು ಸುಖ, ಎರಡನೆಯ ತಿಂಗಳು ಸಂಕೋಚ, ಮೂರನೆಯ ತಿಂಗಳಿನಿಂದ ಒಂದು ಬಗೆಯ ಒಂಟಿತನ. ನಮ್ಮ ಹಳ್ಳಿಗಳಲ್ಲಿ ಬಂದವರನ್ನು ಜಗಲಿಯ ಮೇಲೆ ಚಾಪೆ ಹಾಸಿ ಕೂರಿಸಿ, ನೀರು ಬೆಲ್ಲ ಕೊಟ್ಟು, ಕ್ಷೇಮಸಮಾಚಾರ ಕೇಳಿ, ಅಲ್ಲಿಂದಲೇ ಕೈಮುಗಿದು ಕಳುಹಿಸಿಬಿಡುವುದುಂಟಷ್ಟೆ? ಮರ್ಯಾದೆಗೆ ಯಾವ ಕೊರತೆಯೂ ಇಲ್ಲ. ಆದರೆ ಬಂದವನು ನಡುಮನೆಯನ್ನು ಕಾಣಲಿಲ್ಲ. ಪರದೇಶದ ಅಧ್ಯಾಪಕನೂ ಹೀಗೆ ವರುಷಗಟ್ಟಲೆ ಜಗಲಿಯ ಮೇಲೆಯೇ ಕುಳಿತು ಹಿಂದಿರುಗಬಹುದು. ಜಗಲಿಯಿಂದ ನಡುಮನೆಗೆ ದಾಟುವ ಬಾಗಿಲು ಆ ದೇಶದಲ್ಲಿ ಊಟದ ಮೇಜು. ನಮ್ಮಲ್ಲಿಯೂ ಅದೇ ಅಲ್ಲವೆ ಎಂದು ನೀವು ಕೇಳಬಹುದು. ಆ ಪ್ರಶ್ನೆಗೆ ಆಮೇಲೆ ಬರುತ್ತೇನೆ.

ಚೀನೀಯರು ಹಿಂದಿನಿಂದಲೂ ಒಬ್ಬರನ್ನೊಬ್ಬರು ಕಂಡಾಗ ಆಡುವ ಮಾತು "ಚ್ಹಿ ಲ ಮಾ?" ಎಂಬುದು. ಎಂದರೆ "ಊಟ ಆಯಿತೆ?" ಇಂಗ್ಲಿಷರಿಗೂ ಅಮೆರಿಕದವರಿಗೂ ಇದನ್ನು ಪುಸ್ತಕದಲ್ಲಿ ವಿವರಿಸಬೇಕಾಗುತ್ತದೆ: ಇದು ಊಟಕ್ಕೆ ಕರೆದದ್ದಲ್ಲ, ಬರಿಯ ಕುಶಲಪ್ರಶ್ನೆ, "ಆಯಿತು" ಎಂದರೆ ಸಾಕು ಎಂದು. ಕನ್ನಡದವನಿಗೆ ಯಾವ ವಿವರಣೆಯೂ ಬೇಡ. ಸಂಜೆ ಐದು ಗಂಟೆಗೆ ಎದುರಾದವರನ್ನೂ "ಊಟ ಆಯ್ತಾ?" ಎಂದು ಕೇಳುವ ಜನ ನಾವು. ಬಂಧುತ್ವ ಇನ್ನೂ ಉಂಟು. ನಮ್ಮ ಧಾರವಾಡದವರು 'ಚಹಾ' ಎನ್ನುತ್ತಾರೆ, ಮೈಸೂರಿನವರು 'ಟೀ' ಎನ್ನುತ್ತಾರೆ. ಯಾವುದು ಸರಿ ಎಂದು ಜಗಳವಾಡಬೇಕಾದ್ದಿಲ್ಲ. ಎರಡೂ ಚೀನದಿಂದಲೇ ಬಂದುವು. 'ಚಾ' ಎಂಬುದು ಆ ದೇಶದ ಬಹುಭಾಗದ ಉಚ್ಚಾರ. 'ತೆ' ಎಂಬುದು ಪೂರ್ವ ಕರಾವಳಿಯ ಫೂಜಿಯೆನ್ ಕಡೆಯದು, ಡಚ್ಚರ ಹಡಗು ಹತ್ತಿ ಯುರೋಪಿಗೆ ಹೋಗಿ ಇಂಗ್ಲಿಷಿನ ಮೂಲಕ ನಮ್ಮಲ್ಲಿಗೆ ಬಂದದ್ದು. ಹಾಲು ಸಕ್ಕರೆ ಮಾತ್ರ ಅವರದಲ್ಲ. ನಾನು ಒಮ್ಮೆ ಅವರ ಪ್ರಸಿದ್ಧವಾದ ಪೂಅರ್ ಚಹಕ್ಕೆ ಹಾಲು ಬೆರೆಸಿ ಕೊಟ್ಟಾಗ ನನ್ನ ಸಹೋದ್ಯೋಗಿಯೊಬ್ಬರು ಕುಡಿದು, ಬಹಳ ಹೊತ್ತು ಯೋಚಿಸಿ, "ಇದು ಪೌಷ್ಟಿಕವಾಗಿದೆ" ಎಂದರು. ಅಷ್ಟೊಂದು ಸೌಜನ್ಯದ ಜನ.

ಕುನ್‌ಮಿಂಗ್ ಸಮುದ್ರಮಟ್ಟದಿಂದ ಸುಮಾರು ೧,೯೦೦ ಮೀಟರ್ ಎತ್ತರದಲ್ಲಿದೆ. ಅತಿ ಚಳಿಯೂ ಇಲ್ಲ, ಅತಿ ಸೆಕೆಯೂ ಇಲ್ಲ. ಅದಕ್ಕೇ ಅದನ್ನು 'ವಸಂತನಗರ' ಎಂದು ಕರೆಯುತ್ತಾರೆ. ಬೆಳಗ್ಗೆ ಎಂಟು ಗಂಟೆಗೆ ಪಾಠ ಆರಂಭ. ಹನ್ನೊಂದೂಮುಕ್ಕಾಲಿಗೆ ಗಂಟೆ ಬಾರಿಸಿತೆಂದರೆ ಕಾಲೇಜೆಲ್ಲ ಒಮ್ಮೆಗೇ ಊಟದ ಮನೆಯ ಕಡೆಗೆ ಹರಿಯುತ್ತದೆ. ಉಂಡಾದ ಮೇಲೆ ಎರಡು ಗಂಟೆಯವರೆಗೆ ನಿದ್ದೆ. ಇದು ಕದ್ದು ಮಾಡುವ ನಿದ್ದೆಯಲ್ಲ, ವೇಳಾಪಟ್ಟಿಯಲ್ಲೇ ಸ್ಥಾನ ಪಡೆದ ನಿದ್ದೆ. ಆ ಹೊತ್ತಿನಲ್ಲಿ ಕಚೇರಿಗೆ ಹೋಗಿ ಬಾಗಿಲು ತಟ್ಟುವವನು ಅನಾಗರಿಕ. (ನಮ್ಮ ಕಾಲೇಜಿನ ವೇಳಾಪಟ್ಟಿ ಸಮಿತಿಯವರು ಈ ವಾಕ್ಯವನ್ನು ಗಮನಿಸಬೇಕು.) ಸಂಜೆ ವಿದ್ಯಾರ್ಥಿನಿಲಯದ ಮುಂದೆ ಬಣ್ಣಬಣ್ಣದ ಬಿಸಿನೀರಿನ ಫ್ಲಾಸ್ಕುಗಳು ಸಾಲಾಗಿ ನಿಂತಿರುತ್ತಿದ್ದುವು. ತಣ್ಣೀರು ಕುಡಿಯುವುದನ್ನು ಅವರು ಒಂದು ದುಶ್ಚಟವೆಂದೇ ಭಾವಿಸುತ್ತಾರೆ. ತಲೆನೋವಿಗೂ ಬಿಸಿನೀರು, ಹೊಟ್ಟೆನೋವಿಗೂ ಬಿಸಿನೀರು, ಮನಸ್ಸಿನ ನೋವಿಗೂ ಬಿಸಿನೀರು.

ಪರದೇಶದ ಅಧ್ಯಾಪಕರಲ್ಲಿ ಅನೇಕರು ಆ ಊಟದ ಮನೆಗೆ ಕಾಲಿಡುತ್ತಿರಲಿಲ್ಲ. ನೂಕುನುಗ್ಗಲು, ಗದ್ದಲ, ಉಕ್ಕಿನ ತಟ್ಟೆ, ಎಣ್ಣೆ ಹೆಚ್ಚು ಎಂಬ ದೂರುಗಳು. ನಾನು ಹೋಗುತ್ತಿದ್ದೆ. ಕಾರಣ ಉದಾತ್ತವಾದದ್ದೇನಲ್ಲ, ಆರೇಳು ಯುಆನಿಗೆ, ಎಂದರೆ ಆಗಿನ ನಮ್ಮ ಐವತ್ತು ಅರವತ್ತು ರೂಪಾಯಿಗೆ, ಅನ್ನವೂ ಎರಡು ಮೂರು ಬಗೆಯ ಪಲ್ಯವೂ ಸಿಕ್ಕುತ್ತಿತ್ತು. ಆದರೆ ಅಲ್ಲಿ ಕಂಡದ್ದು ನನ್ನ ಪಾಠದ ದಿಕ್ಕನ್ನೇ ತಿರುಗಿಸಿತು. ನನ್ನ ತರಗತಿಯ ಹುಡುಗರಲ್ಲಿ ಅನೇಕರು ಇಂಗ್ಲಿಷನ್ನು ತಾವಾಗಿ ಆರಿಸಿಕೊಂಡವರಲ್ಲ. ಆ ದೇಶದಲ್ಲಿ ಪ್ರತಿ ಜೂನ್ ತಿಂಗಳಲ್ಲಿ ನಡೆಯುವ ಮಹಾಪರೀಕ್ಷೆಯ ಅಂಕಗಳು ಬಯಸಿದ ವಿಷಯಕ್ಕೆ ಸಾಲದೆ ಹೋದಾಗ, ಉಳಿದ ಸ್ಥಳಗಳಿಗೆ ಹಂಚಿಹೋಗುವುದುಂಟು, ಹಾಗೆ ಹಂಚಿಬಂದವರು. (ವಿಜ್ಞಾನಕ್ಕೆ ಸೀಟು ಸಿಕ್ಕದೆ ಕಲಾ ಕಾಲೇಜಿಗೆ ಬಂದೆನೆಂದು ನಿಟ್ಟುಸಿರುಬಿಡುವ ನಮ್ಮ ಮಿತ್ರರು, ತಮ್ಮ ಕುಲದವರು ಅಲ್ಲಿಯೂ ಇದ್ದಾರೆಂದು ಸಮಾಧಾನ ಪಡಬಹುದು.) ಓದಿದರೆ ಎಲ್ಲವೂ ಅರ್ಥವಾಗುತ್ತದೆ, ಬರೆದರೆ ವ್ಯಾಕರಣದಲ್ಲಿ ತಪ್ಪು ಹುಡುಕುವುದು ಕಷ್ಟ, ಬಾಯಿ ಮಾತ್ರ ತೆರೆಯದು. ಇದಕ್ಕೆ ಅವರೇ 'ಮೂಗರ ಇಂಗ್ಲಿಷ್' ಎಂದು ಹೆಸರಿಟ್ಟಿದ್ದಾರೆ. ತರಗತಿಯಲ್ಲಿ ಎದ್ದುನಿಂತು ನೆಲ ನೋಡುತ್ತಿದ್ದ ಗುಡ್ಡಗಾಡಿನ ಹಳ್ಳಿಯ ಒಬ್ಬ ಹುಡುಗಿ, ಊಟದ ಮನೆಯಲ್ಲಿ ಎದುರಿಗೆ ಬಂದು ಕುಳಿತು, ನನ್ನ ತಟ್ಟೆಯೊಳಗಿನ ಒಂದು ಬೇರನ್ನು ತೋರಿಸಿ, ಅದನ್ನು ತಮ್ಮ ಊರಿನಲ್ಲಿ ಯಾವ ತಿಂಗಳು ಅಗೆಯುತ್ತಾರೆ, ಅವಳ ಅಜ್ಜಿ ಅದನ್ನು ಹೇಗೆ ಒಣಗಿಸುತ್ತಾಳೆ ಎಂಬುದನ್ನು ಕಾಲು ಗಂಟೆ ಇಂಗ್ಲಿಷಿನಲ್ಲಿ ಹೇಳಿದಳು. ಕ್ರಿಯಾಪದಗಳು ದಿಕ್ಕಾಪಾಲಾಗಿದ್ದುವು. ಆದರೂ ಅದು ಮಾತು, ಒಪ್ಪಿಸಿದ ಪಾಠವಲ್ಲ. ಅಂದಿನಿಂದ ವಾರಕ್ಕೆ ಎರಡು ದಿನ ನಾಲ್ಕು ನಾಲ್ಕು ವಿದ್ಯಾರ್ಥಿಗಳನ್ನು ಸರದಿಯಂತೆ ಊಟಕ್ಕೆ ಜತೆಗೆ ಕೂರಿಸಿಕೊಂಡೆ. ಅವರು ನನ್ನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. 'ಲಾವ್‌ಷಿ' ಎನ್ನುತ್ತಿದ್ದರು, ನಮ್ಮ 'ಮೇಷ್ಟ್ರೆ' ಎಂಬಂತೆಯೇ. ಆ ಗೌರವ ಊಟದ ಮೇಜಿನ ಮೇಲೆ ಒಂದು ಕೂದಲೆಳೆಯಷ್ಟೂ ಕಡಮೆಯಾಗಲಿಲ್ಲ. ಜತೆಗೆ ಕೂತರೆ ಹುಡುಗರು ತಲೆಯ ಮೇಲೆ ಕೂರುತ್ತಾರೆಂದು ಹೆದರುವ ಅಧ್ಯಾಪಕರಿಗಾಗಿ ಇದನ್ನು ಹೇಳಿದೆ.

ಇನ್ನು ಹೋಟಲುಗಳ ಮಾತು. ನಾನು ಶಾಕಾಹಾರಿ, ಹೋಗುವಾಗಲೂ ಶಾಕಾಹಾರಿ, ಬರುವಾಗಲೂ ಶಾಕಾಹಾರಿ. ಕುನ್‌ಮಿಂಗಿನ ಸಣ್ಣ ಹೋಟಲುಗಳಲ್ಲಿ ಒಂದು ಒಳ್ಳೆಯ ಪದ್ಧತಿಯುಂಟು: ತರಕಾರಿಗಳನ್ನೆಲ್ಲ ತೊಳೆದು ಬಾಗಿಲ ಬಳಿಯಲ್ಲೇ ಕಪಾಟಿನಲ್ಲಿ ಜೋಡಿಸಿಟ್ಟಿರುತ್ತಾರೆ. ಅಕ್ಷರ ಓದಲು ಬಾರದವನೂ ಬೆರಳು ತೋರಿಸಿ 'ಇದು, ಇದು, ಇದರ ಜತೆಗೆ ಅದು' ಎಂದರೆ ಐದು ನಿಮಿಷದಲ್ಲಿ ಬಾಣಲೆಯಿಂದ ನೇರವಾಗಿ ಮೇಜಿಗೆ ಬರುತ್ತದೆ. ಬದನೆಕಾಯಿ, ಬಗೆಬಗೆಯ ಸೊಪ್ಪು, ಕೂದಲೆಳೆಯಂತೆ ಹೆಚ್ಚಿ ಕಾಯಿಮೆಣಸು ವಿನಿಗರ್ ಹಾಕಿ ಹುರಿದ ಆಲೂಗೆಡ್ಡೆ. ಹಲ್ಲಿಲ್ಲದವರೂ ತಿನ್ನಬಹುದಾದಷ್ಟು ಮೆತ್ತಗೆ ಹಿಸುಕಿದ 'ಅಜ್ಜಿ ಆಲೂಗೆಡ್ಡೆ' ಎಂಬುದೊಂದುಂಟು. ನಮ್ಮ ದೋಸೆಯೊಳಗಿನ ಪಲ್ಯದ ದಾಯಾದಿ. ಪುದೀನವನ್ನು ಚಟ್ನಿಗೆ ಮಾತ್ರ ಉಪಯೋಗಿಸುವ ನಮಗೆ ಅದನ್ನು ಸೊಪ್ಪಿನಂತೆ ಹಿಡಿಗಟ್ಟಲೆ ತಿನ್ನುವುದು ಹೊಸತು. ಮೇಕೆಯ ಹಾಲು ಒಡೆಸಿ ಒತ್ತಿದ 'ರೂಬಿಂಗ್' ಎಂಬ ಗಿಣ್ಣನ್ನು ಚೂರು ಮಾಡಿ ಕರಿಯುತ್ತಾರೆ. ಉತ್ತರ ಹಿಂದುಸ್ಥಾನದ ಪನೀರನ್ನು ಬಲ್ಲವರು ಕೂಡಲೆ ಗುರುತು ಹಿಡಿಯುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ 'ಮಿಶ್ಯೆನ್': ಅಕ್ಕಿಯ ಶಾವಿಗೆ. ನಮ್ಮ ಒತ್ತು ಶಾವಿಗೆಯೇ. ಕಾಯಿಹಾಲಿನ ಬದಲು ಸಾರು. ಇದರಲ್ಲಿ 'ಸೇತುವೆ ದಾಟಿದ ಶಾವಿಗೆ' ಎಂಬುದು ಬಹಳ ಪ್ರಸಿದ್ಧ. ಮಂಗ್‌ಜ಼ ಎಂಬ ಊರಿನಲ್ಲಿ ಪರೀಕ್ಷೆಗೆ ಓದುತ್ತಿದ್ದ ಗಂಡನಿಗೆ ಹೆಂಡತಿ ಸೇತುವೆ ದಾಟಿ ಊಟ ಒಯ್ಯುವಷ್ಟರಲ್ಲಿ ಆರಿಹೋಗುತ್ತಿತ್ತಂತೆ. ಕೋಳಿಯ ಕೊಬ್ಬು ಮೇಲೆ ತೇಲುವ ಸಾರು ಬಿಸಿಯಾಗಿಯೇ ಉಳಿಯುತ್ತದೆಂದು ಕಂಡುಕೊಂಡು, ಸಾರನ್ನೂ ಶಾವಿಗೆಯನ್ನೂ ಬೇರೆ ಬೇರೆ ಒಯ್ದು ಅಲ್ಲೇ ಬೆರೆಸಿದಳಂತೆ. ಪರೀಕ್ಷೆಗೆ ಓದುವವನಿಗಾಗಿ ಇಡೀ ಮನೆಯೇ ಸೇತುವೆ ದಾಟುವುದು ಆ ದೇಶದ ಹಳೆಯ ಅಭ್ಯಾಸ. ಆ ಸಾರು ನನಗೆ ನಿಷಿದ್ಧವಾದರೂ ಕಥೆಗೆ ಯಾವ ನಿಷೇಧವೂ ಇಲ್ಲ.

ಮಳೆಗಾಲದಲ್ಲಿ ಆ ಊರಿಗೆ ಊರೇ ಅಣಬೆಯ ಹುಚ್ಚು ಹಿಡಿಯುತ್ತದೆ. ಅದರಲ್ಲಿ ಕೊಯ್ದ ಕೂಡಲೆ ನೀಲಿಯಾಗುವ ಒಂದು ಜಾತಿ ಅರ್ಧ ಬೆಂದರೆ ವಿಷ. ತಿಂದವರ ಕಣ್ಣಿಗೆ ಗೇಣುದ್ದದ ಮನುಷ್ಯರು ಕುಣಿಯುವುದು ಕಾಣಿಸುತ್ತದೆಂದು ಪ್ರತೀತಿ, ಪ್ರತಿ ವರುಷವೂ ಕೆಲವರು ಆಸ್ಪತ್ರೆ ಸೇರುತ್ತಾರೆ. ಅದಕ್ಕಾಗಿ ಅಣಬೆಯ ಹೋಟಲಿನಲ್ಲಿ ಸಾರು ಕುದಿಯಲಿಟ್ಟು ಗಡಿಯಾರ ತಿರುಗಿಸಿಟ್ಟು, ಹೊತ್ತು ಮುಗಿಯುವ ತನಕ ಊಟದ ಕಡ್ಡಿಗಳನ್ನೇ ಕೊಡುವುದಿಲ್ಲ. ಮೇಜಿನ ಸುತ್ತ ಹತ್ತು ಜನ ಬರಿಗೈಯಲ್ಲಿ ಕುಳಿತು ಆವಿ ನೋಡುತ್ತಾ ಹರಟುವ ಆ ಕಾಲು ಗಂಟೆಯಲ್ಲಿ ನಾನು ಕಲಿತಷ್ಟು ಚೀನೀ ಭಾಷೆಯನ್ನು ಯಾವ ಪುಸ್ತಕದಿಂದಲೂ ಕಲಿಯಲಿಲ್ಲ.

ಶಾಕಾಹಾರಿಯ ಪಾಡು ಅಲ್ಲಿ ಸುಲಭವೆಂದು ನಾನು ಹೇಳುವುದಿಲ್ಲ. 'ರೋ' ಎಂದರೆ ಮಾಂಸ. ಆದರೆ ಬರಿದೆ 'ರೋ' ಎಂದಾಗ ಅವರ ಮನಸ್ಸಿಗೆ ಬರುವುದು ಹಂದಿಯ ಮಾಂಸ. 'ರೋ ಬೇಡ' ಎಂದರೆ ತುಂಡುಗಳನ್ನು ಬಿಟ್ಟು ರುಚಿಗೆಂದು ಎರಡು ಚೂರು ಪುಡಿ ಉದುರಿಸಿ ತಂದಿಡುವುದು ಅವರ ಅಂತಃಕರಣ. ಆದರೆ 'ಚ್ಹಿ ಸು' ಎಂಬ ಬೇರೊಂದು ಮಾತುಂಟು. ಅದನ್ನು ಆಡಿದರೆ ಅಡಿಗೆಯವನ ಮುಖಭಾವವೇ ಬದಲಾಗುತ್ತದೆ. ಅದು ಬರಿಯ ಪಥ್ಯದ ಮಾತಲ್ಲ, ವ್ರತದ ಮಾತು. ಆರನೆಯ ಶತಮಾನದಲ್ಲಿ ಲಿಯಾಂಗ್ ವಂಶದ ಊ ಚಕ್ರವರ್ತಿ ಬೌದ್ಧ ಭಿಕ್ಷುಗಳು ಮಾಂಸ ತ್ಯಜಿಸಬೇಕೆಂದು ಪ್ರಬಲವಾಗಿ ಸಾರಿದಂದಿನಿಂದ ಆ ದೇಶದಲ್ಲಿ ಶಾಕಾಹಾರದ ಒಂದು ದೊಡ್ಡ ಪರಂಪರೆಯೇ ಬೆಳೆದಿದೆ. ಕುನ್‌ಮಿಂಗಿನ ಯುಆನ್‌ತೋಂಗ್ ದೇವಾಲಯದ ಬಳಿಯ ಶಾಕಾಹಾರಿ ಹೋಟಲಿನಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ನಿಷಿದ್ಧವೆಂದು ಕೇಳಿದಾಗ, ಸಾವಿರಾರು ಮೈಲಿ ದಾಟಿ ಬಂದು ನನ್ನ ಸೋದರತ್ತೆಯ ಅಡಿಗೆಮನೆಯ ಹೊಸಲಿನಲ್ಲೇ ನಿಂತ ಹಾಗಾಯಿತು. ಒಂದು ಭೇದ ಮಾತ್ರ ಕಣ್ಣಿಗೆ ಹೊಡೆದಂತೆ ಕಂಡಿತು. ಆ ಹೋಟಲಿನಲ್ಲಿ ಒಂದೇ ಮೇಜಿನ ಮೇಲೆ ಭಿಕ್ಷು, ಟ್ಯಾಕ್ಸಿಯವನು, ಶಾಲೆಯ ಮಕ್ಕಳು, ನಾನು. ತಟ್ಟೆಯ ಮೇಲೆ ಕಟ್ಟುನಿಟ್ಟು. ಬಾಗಿಲಲ್ಲಿ ಯಾವ ಕಟ್ಟೂ ಇಲ್ಲ.

ಇದೇ ಮಾತಿಗೆ ಇನ್ನೊಂದು ನಿದರ್ಶನ. ಯುನ್ನಾನಿನಲ್ಲಿ ಹ್ವೇ ಜನಾಂಗದ ಮುಸಲ್ಮಾನರು ಬಹಳವಾಗಿದ್ದಾರೆ. ಅವರಿಗಾಗಿ ಕಾಲೇಜಿನಲ್ಲಿ ಬೇರೊಂದು ಊಟದ ಮನೆ. ಹ್ವೇ ಹೋಟಲುಗಳ ಗೋಡೆಯ ಮೇಲೆ 'ಹೊರಗಿನ ಪದಾರ್ಥ ಒಳಗೆ ತರಬೇಡಿ' ಎಂದು ಬರೆದಿರುತ್ತದೆ. ಪದಾರ್ಥ ತರಬೇಡಿ ಎಂದಿದೆಯೇ ಹೊರತು, ಹೊರಗಿನವರು ಬರಬೇಡಿ ಎಂದಿಲ್ಲ. ಹ್ವೇ ಅಲ್ಲದ ಹುಡುಗರು ಅಲ್ಲಿನ ಕೈಯಿಂದೆಳೆದ ಗೋಧಿ ಶಾವಿಗೆಗಾಗಿ ಸಾಲುಗಟ್ಟಿ ನಿಲ್ಲುತ್ತಿದ್ದರು. ಹಂದಿಯ ಕೊಬ್ಬಿನ ಭಯವಿಲ್ಲವೆಂದು ನಾನೂ ಅಲ್ಲಿ ನಿಶ್ಚಿಂತೆಯಿಂದ ಸೊಪ್ಪು ಹುರಿಸಿಕೊಂಡು ತಿನ್ನುತ್ತಿದ್ದೆ.

ದುಂಡುಮೇಜಿನ ಪ್ರಶ್ನೆ ಇದಕ್ಕಿಂತ ಕಠಿನ. ಚೀನದಲ್ಲಿ ಹತ್ತು ಜನ ಹೋಟಲಿಗೆ ಹೋದರೆ ಹತ್ತು ಊಟ ಬರುವುದಿಲ್ಲ. ಹನ್ನೆರಡು ತಟ್ಟೆಯ ಪದಾರ್ಥ ಬಂದು ನಡುವಿನ ತಿರುಗುಹಲಗೆಯ ಮೇಲೆ ಕೂರುತ್ತದೆ. ಎಲ್ಲರೂ ಎಲ್ಲದರಿಂದಲೂ ತಂತಮ್ಮ ಕಡ್ಡಿಯಿಂದ ಎತ್ತಿಕೊಳ್ಳುತ್ತಾರೆ. 'ನಂದು', 'ನಿಂದು' ಎಂಬುದು ಅನ್ನದ ಬಟ್ಟಲಿಗೆ ಮಾತ್ರ. ನಮ್ಮವರಿಗೆ ಮೈ ಜುಮ್ಮೆನ್ನುವುದು ಇಲ್ಲಿಯೇ. ಬಾಯಿಗೆ ಹೋದ ಕಡ್ಡಿ ಮತ್ತೆ ತಟ್ಟೆಗೆ! ಎಂಜಲು! ಕನ್ನಡದ ಈ ಒಂದು ಪದವನ್ನು ಇಂಗ್ಲಿಷಿನಲ್ಲಿ ನನ್ನ ಸಹೋದ್ಯೋಗಿಗಳಿಗೆ ವಿವರಿಸಲು ನನಗೆ ಎರಡು ಸಂಜೆ ಹಿಡಿಯಿತು. ನಾನು ಕೇಳಿದೊಡನೆ ಅವರು ನನ್ನ ಮುಂದೆ ಬೇರೆ ಚಮಚವನ್ನಿಟ್ಟು, ಪ್ರತಿ ಪದಾರ್ಥದಿಂದಲೂ ನನಗೆ ಮೊದಲು ಬಡಿಸಿ, ಆಮೇಲೆ ತಾವು ಆರಂಭಿಸುವುದನ್ನು ರೂಢಿಮಾಡಿಕೊಂಡರು. ಯಾರ ಮನಸ್ಸೂ ಮುರಿಯಲಿಲ್ಲ. ಮುಂದೆ ೨೦೨೦ರಲ್ಲಿ ಕೊರೋನಾ ವ್ಯಾಧಿ ಹಬ್ಬಿದಾಗ ಆ ದೇಶದ ಸರಕಾರವೇ ಬಡಿಸಿಕೊಳ್ಳಲು ಬೇರೆ ಕಡ್ಡಿಗಳನ್ನು ಇಡಬೇಕೆಂದು ಊರೂರಲ್ಲಿ ಪ್ರಚಾರ ಮಾಡಿತು. ಆದುದರಿಂದ ಎಂಜಲಿನ ವಿಚಾರದಲ್ಲಿ ನಮ್ಮ ಹಿರಿಯರು ಬುದ್ಧಿವಂತರೇ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ.

ಆದರೆ ಆ ಬುದ್ಧಿವಂತಿಕೆಯ ಬೆನ್ನ ಹಿಂದೆ ನಾವು ಇನ್ನೇನನ್ನೋ ಬಚ್ಚಿಟ್ಟಿದ್ದೇವೆ. ಎಂಜಲು ಎಂಬುದು ಬಾಯಿಗೆ ಸೇರಿದ್ದು, ಎಲ್ಲರ ಬಾಯಿಗೂ. ತಾಯಿಯ ಎಂಜಲೂ ಎಂಜಲೇ. ಪಂಕ್ತಿಭೇದ ಹುಟ್ಟಿಗೆ ಸೇರಿದ್ದು. ಒಂದು ಲೋಟವನ್ನು ತೊಳೆದರೆ ಎಂಜಲು ಹೋಗುತ್ತದೆ. ತೊಳೆದರೂ ಹೋಗದ ಮೈಲಿಗೆಯನ್ನು ಯಾವ ಸಾಬೂನಿನ ಶಾಸ್ತ್ರ ವಿವರಿಸುತ್ತದೆ? ಸಾರ್ವಜನಿಕ ಹೋಟಲಿಗೆ ಯಾರನ್ನೂ ಜಾತಿಯ ಕಾರಣದಿಂದ ಬರಗೊಡದಿರಬಾರದೆಂದು ನಮ್ಮ ಸಂವಿಧಾನದ ೧೫ನೆಯ ವಿಧಿ ೧೯೫೦ರಿಂದ ಹೇಳುತ್ತ ಬಂದಿದೆ. ಅಸ್ಪೃಶ್ಯತೆಯ ಅಪರಾಧಗಳ ಕಾನೂನು ೧೯೫೫ರಲ್ಲಿಯೇ ಬಂದಿತು. ಆದರೂ ಚಹದಂಗಡಿಯಲ್ಲಿ ಬೇರೆ ಲೋಟ ಇಟ್ಟ ಸುದ್ದಿ ಇಂದಿಗೂ ಪತ್ರಿಕೆಯಲ್ಲಿ ಆಗಾಗ ಬರುತ್ತದೆ. ಕೇಳಿದರೆ, 'ಶುಚಿತ್ವ ಸ್ವಾಮಿ, ಮಡಿ ಸ್ವಾಮಿ' ಎನ್ನುತ್ತಾರೆ. ಚೀನದ ಮೇಜಿನ ಮುಂದೆ ಎರಡು ವರುಷ ಕುಳಿತವನಿಗೆ ಈ ಉತ್ತರ ನುಂಗಲು ಬರುವುದಿಲ್ಲ. ಬೇರೆ ಚಮಚ ಇಟ್ಟುಕೊಂಡು ಒಂದೇ ಮೇಜಿಗೆ ಕೂರಲು ಸಾಧ್ಯವೆಂದು ಅವನು ಕಣ್ಣಾರೆ ಕಂಡಿರುತ್ತಾನೆ.

ಹಾಗೆಂದು ಚೀನದ ಮೇಜು ಸಮಾನತೆಯ ಸ್ವರ್ಗವೆಂದು ಯಾರೂ ತಿಳಿಯಬೇಕಾದ್ದಿಲ್ಲ. ಮೇಜು ದುಂಡಗಿದ್ದರೂ ಅದಕ್ಕೆ ತಲೆಯುಂಟು: ಬಾಗಿಲಿಗೆ ಎದುರಾದ ಕುರ್ಚಿ ದೊಡ್ಡವರದು; ಅಲ್ಲಿಂದ ಅಂತಸ್ತಿನಂತೆ ಇಳಿಯುತ್ತಾ ಬಂದು ಬಾಗಿಲ ಕಡೆ ಬೆನ್ನು ಮಾಡಿದ ಜಾಗ ಕಿರಿಯನ ಪಾಲು. ಮೀನು ಬಂದರೆ ಅದರ ತಲೆ ಮುಖ್ಯ ಅತಿಥಿಯ ಕಡೆಗೆ ನೋಡುತ್ತಿರಬೇಕು. (ನನ್ನನ್ನು ಅಷ್ಟು ದೀರ್ಘವಾಗಿ ನೋಡಿದ ಪ್ರಾಣಿ ಬೇರೊಂದಿಲ್ಲ.) ಬಟ್ಟಲಿಗೆ ಬಟ್ಟಲು ತಾಗಿಸುವಾಗ ಕಿರಿಯನ ಬಟ್ಟಲಿನ ಅಂಚು ಹಿರಿಯನದಕ್ಕಿಂತ ಕೆಳಗಿರಬೇಕು. ಅನ್ನದ ಬಟ್ಟಲಿನಲ್ಲಿ ಕಡ್ಡಿಗಳನ್ನು ನೆಟ್ಟಗೆ ನಿಲ್ಲಿಸಿದರೆ ಸತ್ತವರಿಗೆ ಹಚ್ಚಿದ ಊದುಕಡ್ಡಿಯಂತಾಯಿತೆಂದು ಹೌಹಾರುತ್ತಾರೆ. ಇವೆಲ್ಲ ನಿರುಪದ್ರವಿಯಾದ ನಡಾವಳಿಗಳು. ನನಗೆ ಸಹಿಸಲಾಗದಿದ್ದುದು ಕುಡಿತದ ಬಲವಂತ. ದೊಡ್ಡವರು ಎದ್ದು ಬಟ್ಟಲು ಎತ್ತಿದರೆ ಕಿರಿಯ ಅಧ್ಯಾಪಕ ಅದನ್ನು ಬರಿದು ಮಾಡಲೇಬೇಕು. ಜೋಳದಿಂದಲೋ ಅಕ್ಕಿಯಿಂದಲೋ ಬಟ್ಟಿಯಿಳಿಸಿದ ಆ ಮದ್ಯ ಗಂಟಲಿಗೆ ಬೆಂಕಿ. ಕೆಲಸದ ಭವಿಷ್ಯ ಆ ಬಟ್ಟಲಿನಲ್ಲಿದೆಯೆಂದು ನಂಬಿ ಕಣ್ಣಲ್ಲಿ ನೀರು ತುಂಬಿಕೊಂಡು ಕುಡಿಯುತ್ತಿದ್ದ ತರುಣರನ್ನು ಕಂಡಿದ್ದೇನೆ. ಇದು ಆತಿಥ್ಯವಲ್ಲ, ಸವಾರಿ. ೨೦೧೨ರ ಡಿಸೆಂಬರಿನಲ್ಲಿ ಅಧಿಕಾರಿಗಳ ದುಂದುವೆಚ್ಚಕ್ಕೆ ಕಡಿವಾಣ ಹಾಕುವ ಎಂಟು ನಿಯಮಗಳು ಬಂದುವು. ಮರು ತಿಂಗಳಲ್ಲಿಯೇ ತಟ್ಟೆ ಬರಿದು ಮಾಡಿ ಏಳಬೇಕೆಂಬ ಆಂದೋಲನ ಹುಟ್ಟಿತು. ನನ್ನ ಎರಡನೆಯ ವರುಷದಲ್ಲಿ ಔತಣಗಳು ತೆಳ್ಳಗಾದುದನ್ನು ನಾನೇ ನೋಡಿದೆ. ೨೦೨೧ರಲ್ಲಿ ಅನ್ನ ಪೋಲು ಮಾಡುವುದರ ವಿರುದ್ಧ ಅವರು ಕಾನೂನನ್ನೇ ಮಾಡಿದರು. ನಮ್ಮ ಮದುವೆ ಮನೆಗಳ ಎಲೆಗಳನ್ನು ನೆನೆದರೆ ಅಸೂಯೆಯಾಗುತ್ತದೆ.

ನಾನು ಕುಡಿಯುವವನಲ್ಲ. ಸೆಪ್ಟೆಂಬರ್ ೧೦ ಅಲ್ಲಿ ಅಧ್ಯಾಪಕರ ದಿನ. ಆ ದಿನದ ಔತಣದಲ್ಲಿ ವಿಭಾಗದ ಮುಖ್ಯರು ನನ್ನ ಕಡೆಗೆ ಬಟ್ಟಲು ಎತ್ತಿದಾಗ, ಪಕ್ಕದಲ್ಲಿದ್ದ ಹಿರಿಯ ಸಹೋದ್ಯೋಗಿ ಕಿವಿಯಲ್ಲಿ ನಾಲ್ಕು ಅಕ್ಷರದ ಮಾತೊಂದನ್ನು ಹೇಳಿಕೊಟ್ಟರು: "ಇ ಚಾ ದಾಯ್ ಜ್ಯು". 'ಮದ್ಯಕ್ಕೆ ಬದಲಾಗಿ ಚಹಾ' ಎಂದು ಅರ್ಥ. ನಾನು ಎದ್ದು ಅದನ್ನು ಹೇಳಿ ಚಹದ ಬಟ್ಟಲು ಎತ್ತಿದೆ. ಮೇಜಿಗೆ ಮೇಜೇ ಚಪ್ಪಾಳೆ ತಟ್ಟಿತು. ಕುಡಿಯದವನೂ ಮೇಜಿನಿಂದ ಏಳಬೇಕಾಗದಂತೆ ಆ ಭಾಷೆ ಮೊದಲೇ ಒಂದು ಮಾತನ್ನು ಕಟ್ಟಿಟ್ಟುಕೊಂಡಿದೆ! ಊಟ ಮುಗಿದ ಮೇಲೆ ಹಣ ಕೊಡಲು ನಡೆಯುವ ಕಿತ್ತಾಟ ಇನ್ನೊಂದು 'ಯಕ್ಷಗಾನ'. ಇಬ್ಬರು ಪ್ರಾಧ್ಯಾಪಕರು ಗಲ್ಲದ ಮುಂದೆ ಒಬ್ಬರ ಕೋಟನ್ನೊಬ್ಬರು ಹಿಡಿದೆಳೆಯುವುದನ್ನು ಮೊದಲ ಸಲ ಕಂಡಾಗ ಬಿಡಿಸಲು ಹೋಗೋಣವೆ ಎನ್ನಿಸಿತ್ತು. ಮೊದಲ ವರುಷವೆಲ್ಲ ನನ್ನ ಕೈ ಜೇಬಿಗೆ ಹೋಗಲು ಬಿಡಲಿಲ್ಲ. ಎರಡನೆಯ ವರುಷದ ಒಂದು ಸಂಜೆ ಅದೇ ಹಿರಿಯ ಸಹೋದ್ಯೋಗಿ ಎರಡೇ ಸುತ್ತು ಎಳೆದಾಡಿ ಕೈಬಿಟ್ಟು, "ಹೋಗಲಿ, ಇವತ್ತು ನಿಮ್ಮದು" ಎಂದರು. ಎಪ್ಪತ್ತು ಯುಆನಿನ ಆ ಬಿಲ್ಲನ್ನು ಇಟ್ಟುಕೊಂಡಿದ್ದೇನೆ. ನಾನು ಜಗಲಿಯಿಂದ ಒಳಗೆ ದಾಟಿದ್ದಕ್ಕೆ ಅದೊಂದೇ ದಾಖಲೆ. ಈಗ ಅಲ್ಲಿ ಎಲ್ಲರೂ ಫೋನಿನಿಂದಲೇ ಹಣ ಕೊಡುತ್ತಾರೆ. ಕೋಟು ಎಳೆಯುವ ಸುಖ ಎಷ್ಟು ಉಳಿದಿದೆಯೋ!

ಕುನ್‌ಮಿಂಗಿನ ವೆನ್‌ಲಿನ್ ಬೀದಿಯಲ್ಲಿ ಪರದೇಶದವರಿಗೆಂದೇ ಕಾಫಿ ಅಂಗಡಿಗಳಿದ್ದುವು. ನಮ್ಮ ಕಟ್ಟಡದ ಅನೇಕ ಅಧ್ಯಾಪಕರ ಸಂಜೆಗಳೆಲ್ಲ ಅಲ್ಲಿಯೇ ಕಳೆಯುತ್ತಿದ್ದುವು. ಚೀನವನ್ನು ಕುರಿತ ಅವರ ಖಂಡಿತ ಅಭಿಪ್ರಾಯಗಳೆಲ್ಲ ಅಲ್ಲಿ ತಯಾರಾಗುತ್ತಿದ್ದುವು. ಅದೇ ಊರಿನಲ್ಲಿ ಇಂಥದೇ ಕೆಲಸಕ್ಕೆ ಬಂದ ಇನ್ನೊಬ್ಬರ ಕಥೆ ನಮ್ಮ ಇಂಗ್ಲಿಷ್ ವಿಭಾಗದವರಿಗೆ ರುಚಿಸಬಹುದು. ಜಪಾನಿನ ದಾಳಿಗೆ ಸಿಕ್ಕ ಪೀಕಿಂಗ್, ಚಿಂಗ್‌ಹ್ವಾ, ನಾನ್‌ಕಾಯ್ ವಿಶ್ವವಿದ್ಯಾಲಯಗಳು ಒಂದಾಗಿ ಒಳನಾಡಿಗೆ ಹಿಮ್ಮೆಟ್ಟಿ, ೧೯೩೮ರಲ್ಲಿ ಯುನ್ನಾನಿಗೆ ಬಂದು ನೆಲೆಸಿದುವು. ಅವರ ಜತೆಯಲ್ಲಿ ಬಂದವರು ಇಂಗ್ಲಿಷ್ ಕವಿ, ವಿಮರ್ಶಕ ವಿಲಿಯಂ ಎಂಪ್ಸನ್. ಪುಸ್ತಕಗಳೆಲ್ಲ ಹಿಂದೆಯೇ ಉಳಿದುವು. ನೆನಪಿನಲ್ಲಿದ್ದ ಪದ್ಯಗಳನ್ನೇ ಬರೆದು ಪಾಠ ಹೇಳಿದರು. ಮೇಲೆ ಹೇಳಿದ ಶಾವಿಗೆಯ ಮಂಗ್‌ಜ಼ ಊರಿನಲ್ಲಿಯೂ ಆ ಕಾಲೇಜು ಕೆಲವು ತಿಂಗಳು ನಡೆಯಿತು. ಮುಂದೆ ದೊಡ್ಡ ವಿದ್ವಾಂಸರಾದ ವಾಂಗ್ ಜ಼್ವೊಲಿಯಾಂಗ್, ದೊಡ್ಡ ಕವಿಯಾದ ಮು ದಾನ್ ಅವರ ಶಿಷ್ಯರು. ಇನ್ನೊಂದು ಹೆಸರು ನಮಗೆ ಇನ್ನೂ ಹತ್ತಿರದ್ದು: ಸೊಲ್ಲಾಪುರದ ಡಾಕ್ಟರ್ ದ್ವಾರಕಾನಾಥ ಕೋಟ್ನೀಸ್. ೧೯೩೮ರಲ್ಲಿ ವೈದ್ಯರ ತಂಡದೊಡನೆ ಚೀನಕ್ಕೆ ಹೋಗಿ, ಭಾಷೆ ಕಲಿತು, ಯುದ್ಧಭೂಮಿಯಲ್ಲಿ ಚಿಕಿತ್ಸೆ ಮಾಡುತ್ತಲೇ ಅಲ್ಲಿನ ವೈದ್ಯ ವಿದ್ಯಾರ್ಥಿಗಳಿಗೆ ಪಾಠ ಹೇಳಿ, ೧೯೪೨ರ ಡಿಸೆಂಬರಿನಲ್ಲಿ ಅಲ್ಲಿಯೇ ತೀರಿಕೊಂಡರು. ಆ ಉತ್ತರದ ಗುಡ್ಡಗಾಡಿನಲ್ಲಿ ಬಡವರ ಮುಖ್ಯ ಆಹಾರ ನವಣೆ. ನಮ್ಮ ಬಯಲುಸೀಮೆಯವರು ಬೆಳೆಯುವ ಅದೇ ನವಣೆ. ಅದರ ಮೂಲವೇ ಉತ್ತರ ಚೀನವೆಂದು ತಿಳಿದವರು ಹೇಳುತ್ತಾರೆ.

ಇನ್ನು ಹಿಂದೆ ಮುಂದೂಡಿದ ಪ್ರಶ್ನೆ. ಕುನ್‌ಮಿಂಗಿನಲ್ಲಿ ವೈದ್ಯ ಕಲಿಯಲು ಬಂದ ನಮ್ಮ ದೇಶದ ಹುಡುಗರು ಕೆಲವರಿದ್ದರು. ಒಳ್ಳೆಯವರು, ಶ್ರಮಜೀವಿಗಳು. ಊರಿನಿಂದ ಸಾರಿನ ಪುಡಿ ತಂದು ಕೋಣೆಯಲ್ಲೇ ಬೇಯಿಸಿಕೊಳ್ಳುತ್ತಿದ್ದರು, ಅದು ತಪ್ಪಲ್ಲ. ಆದರೆ ಆ ಕೋಣೆಗಳ ಒಳಗೂ, ನಿಧಾನವಾಗಿ ನೋಡಿದರೆ, ಯಾರು ಯಾರ ಪಾತ್ರೆಯಿಂದ ತಿನ್ನುತ್ತಾರೆಂಬ ಹಳೆಯ ಗೆರೆಗಳು ಕಾಣುತ್ತಿದ್ದುವು. ಸಾರಿನ ಪುಡಿಯ ಡಬ್ಬಿಯೊಳಗೆ ಅದೂ ಬಂದಿತ್ತು. ಸುಂಕದ ಕಟ್ಟೆಯವರು ಇಂಥದನ್ನು ಹಿಡಿಯುವುದಿಲ್ಲ.

ನಮ್ಮ ಕಾಲೇಜಿನ ವಾರ್ಷಿಕೋತ್ಸವದ ಊಟವನ್ನೇ ನೋಡೋಣ. ಪ್ರಿನ್ಸಿಪಾಲರ ಕೋಣೆಯಲ್ಲಿ ಅತಿಥಿಗಳಿಗೆ ಒಂದು ಊಟ, ಅಧ್ಯಾಪಕರ ಕೋಣೆಯಲ್ಲಿ ನಮಗೊಂದು, ಬಯಲಿನಲ್ಲಿ ವಿದ್ಯಾರ್ಥಿಗಳಿಗೊಂದು, ಎಲ್ಲರದೂ ಮುಗಿದು ಪಾತ್ರೆ ತಳ ಕಂಡ ಮೇಲೆ ಕಚೇರಿಯ ಜವಾನರಿಗೂ ಕಸ ಗುಡಿಸುವ ಹೆಂಗಸರಿಗೂ ಒಂದು. ವಿದ್ಯಾರ್ಥಿಗಳ ಸಾಲಿನಲ್ಲಿಯೂ ಯಾವ ಹಾಸ್ಟೆಲಿನವರು ಯಾವ ಹಾಸ್ಟೆಲಿನವರ ಪಕ್ಕಕ್ಕೆ ಕೂರುವುದಿಲ್ಲವೆಂಬುದು ಕಣ್ಣಿದ್ದವರಿಗೆ ತಿಳಿದದ್ದೇ. ಯಾರೂ ಇದನ್ನು ನಿಯಮವಾಗಿ ಬರೆದಿಟ್ಟಿಲ್ಲ. ಬರೆಯದ ನಿಯಮವಾದ್ದರಿಂದ ಅಳಿಸಲು ಯಾವ ಸಭೆಯ ನಿರ್ಣಯವೂ ಬೇಕಾಗಿಲ್ಲ. ಶಾಕಾಹಾರದ ಪಾತ್ರೆ ಬೇರೆ ಇರಲಿ, ಸೌಟು ಬೇರೆ ಇರಲಿ, ಬೇಕಾದವರು ಬೆಳ್ಳುಳ್ಳಿ ಇಲ್ಲದ ಸಾರನ್ನೇ ಕೇಳಲಿ. ಕೂರುವ ಜಾಗವನ್ನು ಮಾತ್ರ ಚೀಟಿ ಎತ್ತಿ ಹಂಚಬೇಕು: ಪ್ರಿನ್ಸಿಪಾಲರಿಗೂ, ಅತಿಥಿಗಳಿಗೂ, ಮೊದಲ ವರುಷದ ವಿದ್ಯಾರ್ಥಿಗೂ, ಗಂಟೆ ಬಾರಿಸುವ ನಮ್ಮ ಜವಾನರಿಗೂ ಒಂದೇ ಡಬ್ಬಿಯಿಂದ. ಈ ಸಲಹೆಯನ್ನು ಬರೆದು ವಿದ್ಯಾರ್ಥಿ ಸಂಘದ ಕಾರ್ಯದರ್ಶಿಗಳ ಕೈಗೆ ಕೊಟ್ಟಿದ್ದೇನೆ. ಮೊದಲ ಪಂಕ್ತಿಗೆ ಬಡಿಸುವವರ ಪಟ್ಟಿಯಲ್ಲಿ ನನ್ನ ಹೆಸರನ್ನೂ ಬರೆದುಕೊಳ್ಳಬಹುದು. ಹುಳಿಯ ಬಕೀಟು ಹಿಡಿಯಲು ನನಗೆ ಬರುತ್ತದೆ.